ಕರೆಂಟು ಸೋರಿದರೂ ಆರದ ದೀಪ, ತಲೆ ಅಡ್ಡ ಬಂದರೂ ಬೀಳದ ನೆರಳು!

ಶುರುವಿನಲ್ಲೇ ಒಂದು ಪ್ರಶ್ನೆ. ಮನೆಯ ಮಿಕ್ಸಿಯ ವೈರು ಒಳಗೆಲ್ಲೋ ಸವೆದು ಅದರ ಲೋಹದ ಮೈಗೆ ತಾಗಿತು ಅನ್ನಿ. ಏನಾಗುತ್ತದೆ? ಟಪ್! ಟ್ರಿಪ್! ಅಡುಗೆಮನೆ ಕತ್ತಲು. ಒಳ್ಳೆಯದೇ ಆಯಿತು, ಜೀವ ಉಳಿಯಿತು.

ಇದೇ ಕಿತಾಪತಿ ಆಪರೇಷನ್ ಥಿಯೇಟರಿನಲ್ಲಿ ಆದರೆ? ರೋಗಿಯ ಎದೆ ತೆರೆದಿದೆ. ಹೃದಯ ನಿಲ್ಲಿಸಿದ್ದಾರೆ. ರಕ್ತವನ್ನು ಯಂತ್ರವೊಂದು ಪಂಪ್ ಮಾಡುತ್ತಿದೆ. ಅದೇ ಹೊತ್ತಿಗೆ ಪಕ್ಕದ ಉಪಕರಣದಲ್ಲಿ ವೈರು ಸವೆದು ಮೈಗೆ ತಾಗಿತು. ಈಗ ಹೇಳಿ, ಏನಾಗಬೇಕು?

ಟ್ರಿಪ್ ಆಗಬೇಕು ಅಂದಿರಾ? ಹಾಗಾದರೆ ರಕ್ತದ ಪಂಪಿಗೆ ಬರುವ ಕರೆಂಟೂ ಹೋಯಿತು! ಆಗಬಾರದು ಅಂದಿರಾ? ಹಾಗಾದರೆ ಮುಟ್ಟಿದ ಡಾಕ್ಟರಿಗೆ ಶಾಕ್!

ಎರಡೂ ಆಗುವುದಿಲ್ಲ! ದೀಪ ಆರುವುದಿಲ್ಲ. ಪಂಪು ನಿಲ್ಲುವುದಿಲ್ಲ. ಶಾಕೂ ಹೊಡೆಯುವುದಿಲ್ಲ. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪ ಹೋಗಿ ಹಳದಿ ಬರುತ್ತದೆ, ಬಝರ್ ಕೂಗುತ್ತದೆ. ಅಷ್ಟೇ. ಯಾರೋ ಬಝರ್ ನಿಲ್ಲಿಸುತ್ತಾರೆ, ಆಪರೇಷನ್ ಮುಂದುವರಿಯುತ್ತದೆ!

ಹೇಗೆ ಸಾಧ್ಯ? ಕೇಳಿ, ಇದು ನಿಜಕ್ಕೂ ಸೊಗಸಾದ ಉಪಾಯ. ಕರೆಂಟು ಹರಿಯಬೇಕಾದರೆ ಹೊರಟಲ್ಲಿಗೇ ವಾಪಸು ಹೋಗುವ ದಾರಿ ಬೇಕು. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಅರ್ಥ್ ಮಾಡಿರುತ್ತಾರೆ. ಹಾಗಾಗಿ ಫೇಸ್ ತಂತಿ ಮುಟ್ಟಿದವನ ಮೈಯಿಂದ ನೆಲಕ್ಕಿಳಿದು, ನೆಲದ ಮೂಲಕ ಕರೆಂಟು ಟ್ರಾನ್ಸ್‌ಫಾರ್ಮರಿಗೆ ವಾಪಸಾಗುತ್ತದೆ. ಶಾಕ್ ಎಂದರೆ ಇದೇ.

ಥಿಯೇಟರಿಗೆ ಇಂಜಿನಿಯರುಗಳು ಬೇರೆಯದೇ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇಡುತ್ತಾರೆ. ಹೆಚ್ಚೆಂದರೆ 10 ಕಿಲೋವೋಲ್ಟ್ ಆಂಪಿಯರಿನದು. ಅದರಿಂದ ಹೊರಬರುವ ಎರಡು ತಂತಿಗಳಲ್ಲಿ ಒಂದನ್ನೂ ಭೂಮಿಗೆ ಕಟ್ಟುವುದಿಲ್ಲ! ನೆಲಕ್ಕಿಳಿದ ಕರೆಂಟಿಗೆ ವಾಪಸು ದಾರಿಯೇ ಇಲ್ಲ. ದಾರಿ ಇಲ್ಲದ ಮೇಲೆ ಹರಿಯುವುದೆಲ್ಲಿಗೆ? ಒಂದು ತಂತಿ ತಾಗಿದರೆ ಅಪಾಯವಿಲ್ಲ. ಎರಡನೆಯದೂ ತಾಗಿದರೆ ಮಾತ್ರ ಅನಾಹುತ. ಆ ಗೋಡೆಯ ಪೆಟ್ಟಿಗೆ ಕಾಯುವುದು ಆ ಮೊದಲನೆಯದನ್ನೇ. ತಂತಿಗೂ ಭೂಮಿಗೂ ನಡುವಿನ ತಡೆ 50 ಸಾವಿರ ಓಮ್‌ಗೆ ಇಳಿಯುವಷ್ಟರಲ್ಲಿ ಅದು ಕೂಗಲೇಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಕೇಸು ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ನಿಧಾನವಾಗಿ ಕೆಟ್ಟ ಉಪಕರಣ ಹುಡುಕುತ್ತಾನೆ.

ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅಪಾಯ. ಇಲ್ಲಿ ಆ ತಂತಿಗಳಿಗೆ ಅರ್ಥಿಂಗ್ ಇಲ್ಲದಿರುವುದೇ ರಕ್ಷಣೆ! ಆಸ್ಪತ್ರೆ ಕಟ್ಟಡದೊಳಗೆ ಇಣುಕುತ್ತಾ ಹೋದ ಹಾಗೆ ನನಗೆ ಕಂಡದ್ದೇ ಇದು. ಮನೆ ಕಟ್ಟುವಾಗ ಕಲಿತ ಒಂದೊಂದು ನಿಯಮವೂ ಇಲ್ಲಿ ತಲೆಕೆಳಗು!

ಈ ಟ್ರಾನ್ಸ್‌ಫಾರ್ಮರ್ ಮೊದಲು ಥಿಯೇಟರಿಗೆ ಬಂದದ್ದು ಯಾವ ಭಯಕ್ಕೆ ಗೊತ್ತೇ? ಶಾಕಿನ ಭಯಕ್ಕಲ್ಲ. ಸ್ಫೋಟದ ಭಯಕ್ಕೆ!

ಹೌದು, ಸ್ಫೋಟ. ಆಗ ರೋಗಿಗೆ ಮಂಪರು ತರಿಸುತ್ತಿದ್ದದ್ದು ಈಥರ್, ಆಮೇಲೆ ಸೈಕ್ಲೋಪ್ರೊಪೇನ್. ಎರಡೂ ಉರಿಯುವ ವಸ್ತುಗಳು. ಆಮ್ಲಜನಕದ ಜೊತೆ ಸೇರಿದರೆ ಒಂದು ಕಿಡಿ ಸಾಕು. ಪಾಲಿಸ್ಟರ್ ಸೀರೆಯಲ್ಲಿ ಚಟಪಟ ಅನ್ನುವಂಥ ಕಿಡಿಯೂ ಸಾಕು! ಅದಕ್ಕೇ ನೆಲಕ್ಕೆ ವಿದ್ಯುತ್ ಹರಿಯುವಂಥ ಹಾಸು. ಡಾಕ್ಟರಿಗೆ ಇಂಗಾಲ ಬೆರೆಸಿದ ರಬ್ಬರ್ ಬೂಟು. ಟ್ರಾಲಿಗೆ ನೆಲಕ್ಕೆ ತಾಗುವಂತೆ ಎಳೆದಾಡುವ ಸರಪಳಿ.

ಇನ್ನು ಪ್ಲಗ್ ಪಾಯಿಂಟು? ನೆಲದಿಂದ 5 ಅಡಿ ಮೇಲೆ! ಏಕೆ, ಊಹಿಸಿ. ಮಕ್ಕಳ ಕೈಗೆ ಸಿಗದಿರಲಿ ಎಂದೇ? ಅಲ್ಲ. ಈಥರಿನ ಆವಿ ಗಾಳಿಗಿಂತ ಎರಡೂವರೆ ಪಟ್ಟು ತೂಕ. ಅದು ನೆಲದ ಮೇಲೆ ಕಾಣದ ಕೆರೆಯಾಗಿ ನಿಲ್ಲುತ್ತದೆ. ಅಮೆರಿಕದ ಅಗ್ನಿಸುರಕ್ಷಾ ನಿಯಮ 5 ಅಡಿಯವರೆಗಿನ ಗಾಳಿಯನ್ನೆಲ್ಲ ಅಪಾಯದ ವಲಯ ಎಂದೇ ಬರೆದಿಟ್ಟಿತ್ತು. 1956ರಲ್ಲಿ ಹೊತ್ತಿ ಉರಿಯದ ಹಾಲೋಥೇನ್ ಬಂತು. ಈಥರ್ ಹೋಯಿತು, ಸರಪಳಿ ಹೋಯಿತು, ಪ್ಲಗ್ಗು ಕೆಳಗಿಳಿಯಿತು. ಆ ಟ್ರಾನ್ಸ್‌ಫಾರ್ಮರ್ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಅದಕ್ಕೆ ಇನ್ನೊಂದು ಕೆಲಸ ಸಿಕ್ಕಿತ್ತು!

ಆ ಕೆಲಸ ಏನು? ಒಂದು ಸಂಖ್ಯೆ ಹೇಳುತ್ತೇನೆ. ಮನೆಯ ಸುರಕ್ಷಾ ಸ್ವಿಚ್ಚು ಬೀಳುವುದು 30 ಮಿಲಿ ಆಂಪಿಯರ್ ಸೋರಿದಾಗ. ಅಷ್ಟರೊಳಗಿನದು ಚುರುಕ್ ಎನಿಸಬಹುದು, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ನಮ್ಮ ಒಣ ಚರ್ಮವೇ ದೊಡ್ಡ ತಡೆಗೋಡೆ. ಆದರೆ ಹೃದಯದೊಳಕ್ಕೇ ತಂತಿಯೋ ಕೊಳವೆಯೋ ಇಳಿದಿದ್ದರೆ? ಚರ್ಮದ ಕಾವಲು ಇಲ್ಲ! ಅಂಥ ಉಪಕರಣದಿಂದ ರೋಗಿಗೆ ಎಷ್ಟು ಸೋರಬಹುದು? ಹೇಳಿ ನೋಡೋಣ.

10 ಮೈಕ್ರೋ ಆಂಪಿಯರ್! ಮನೆಯ ಮಿತಿಯ ಮೂರು ಸಾವಿರದಲ್ಲಿ ಒಂದು ಪಾಲು! ಬೆರಳಿಗೆ ಗೊತ್ತೇ ಆಗದ ಕರೆಂಟು ಅದು. ಹೃದಯಕ್ಕೆ ಗೊತ್ತಾಗುತ್ತದೆ. ಸೋರಿಕೆ ತಗ್ಗಿಸಲು ನೆರವಾಗುವುದೇ ಆ ಟ್ರಾನ್ಸ್‌ಫಾರ್ಮರಿನ ಹೊಸ ಕೆಲಸ.

ಕರೆಂಟೇ ಹೋದರೆ? ಆಪರೇಷನ್ ಟೇಬಲಿನ ಮೇಲಿನ ದೀಪ ಅರ್ಧ ಸೆಕೆಂಡಿನೊಳಗೆ ಮತ್ತೆ ಹೊತ್ತಬೇಕು ಎಂಬುದು ನಿಯಮ. ಅರ್ಧ ಸೆಕೆಂಡು! ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಕೆಳಗೆ ಅಂಗಳದಲ್ಲಿ ಜನರೇಟರ್ ಗುಡುಗಿ ಎದ್ದೇಳಲು ಹತ್ತು-ಹದಿನೈದು ಸೆಕೆಂಡು ಬೇಕು. ನಡುವಿನ ಹೊತ್ತನ್ನು ಯುಪಿಎಸ್ ದಾಟಿಸುತ್ತದೆ.

ಸರಿ, ಈಗ ಚಾವಣಿ ನೋಡೋಣ. ನನಗೆ ಬಲು ಅಚ್ಚರಿ ಹುಟ್ಟಿಸಿದ್ದು ಅಲ್ಲಿದೆ!

ಟೇಬಲಿನ ನೇರಕ್ಕೆ ಮೇಲೆ ಬಿಳಿಯ, ಸಣ್ಣ ಸಣ್ಣ ತೂತುಗಳ ಒಂದು ದೊಡ್ಡ ಚೌಕ ಇರುತ್ತದೆ. ಗಾಳಿ ಬರುವುದು ಅಲ್ಲಿಂದ. ಗಂಟೆಗೆ ಕಡಿಮೆಯೆಂದರೂ 20 ಸಲ ಇಡೀ ಕೋಣೆಯ ಗಾಳಿ ಬದಲಾಗಬೇಕು ಎನ್ನುತ್ತದೆ ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಾರ್ಗಸೂಚಿ. ಆ 20ರಲ್ಲಿ 4 ಸಲದ್ದು ಹೊರಗಿನ ಹೊಸ ಗಾಳಿ. ಉಳಿದದ್ದು ಸೋಸಿ ಸೋಸಿ ಮತ್ತೆ ಬಿಟ್ಟದ್ದು.

ಈ ಗಾಳಿಯ ತೂಕ ಎಷ್ಟಿರಬಹುದು? ಗಾಳಿಗೆಂಥ ತೂಕ ಅನ್ನಬೇಡಿ! ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆ ತೆಗೆದುಕೊಳ್ಳಿ. 108 ಘನ ಮೀಟರ್. ಇಪ್ಪತ್ತರಿಂದ ಗುಣಿಸಿ. ಘನ ಮೀಟರಿಗೆ 1.2 ಕಿಲೋ. ಬಂತೇ ಉತ್ತರ?

2,592 ಕಿಲೋ! ಗಂಟೆಗೆ ಎರಡೂವರೆ ಟನ್ ಮೀರಿತು! ಮೈಸೂರು ದಸರೆಗೆ ಮುಂಚೆ ಆನೆಗಳನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುತ್ತಾರಲ್ಲ, ಅಲ್ಲಿನ ಒಂದು ಹೆಣ್ಣಾನೆಯ ತೂಕ ಅದು. ಗಂಟೆಗೊಂದು ಆನೆ ರೋಗಿಯ ಮೇಲಿಂದ ಇಳಿದು ಹೋಗುತ್ತಿದೆ, ಒಂದು ಹತ್ತಿಯ ಎಳೆಯೂ ಅಲುಗದ ಹಾಗೆ!

ಅಲುಗುವುದಿಲ್ಲ, ಏಕೆಂದರೆ ವೇಗ ಅಷ್ಟು ಕಡಿಮೆ. ನಿಮಿಷಕ್ಕೆ 25ರಿಂದ 35 ಅಡಿ. ಗಂಟೆಗೆ ಅರ್ಧ ಕಿಲೋಮೀಟರಿನ ಆಸುಪಾಸು! ಚಾವಣಿ ಬಿಟ್ಟ ಗಾಳಿ ಟೇಬಲ್ ಮುಟ್ಟಲು ಹನ್ನೆರಡು-ಹದಿಮೂರು ಸೆಕೆಂಡು. ಮನೆಯ ಫ್ಯಾನಿನಲ್ಲಿ ಜೋರು ಗಾಳಿ ಒಳ್ಳೆಯದು. ಇಲ್ಲಿ ಜೋರಾದರೆ ಸುಳಿ ಏಳುತ್ತದೆ, ನೆಲದ ಧೂಳು ಗಾಯದ ಮೇಲೆ ಬಂದು ಕೂರುತ್ತದೆ. ಮೈಗೆ ತಾಗಿದ್ದೇ ಗೊತ್ತಾಗದ ಗಾಳಿಯೇ ಇಲ್ಲಿ ಉತ್ತಮ ಗಾಳಿ.

ಥಿಯೇಟರಿನಲ್ಲಿ ಧೂಳೆಲ್ಲಿಂದ ಬಂತು ಅಂತೀರಾ? ನಮ್ಮಿಂದ! ನಾವು ಪ್ರತಿಯೊಬ್ಬರೂ ಹಗಲೂ ರಾತ್ರಿ ಚರ್ಮದ ಸೂಕ್ಷ್ಮ ಹೊಟ್ಟು ಉದುರಿಸುತ್ತಲೇ ಇರುತ್ತೇವೆ. ಎಷ್ಟು? ದಿನಕ್ಕೆ ಕೋಟಿ ಲೆಕ್ಕದಲ್ಲಿ! ಅದರಲ್ಲೊಂದು ಪಾಲು ಬ್ಯಾಕ್ಟೀರಿಯಾಗಳನ್ನು ಬೆನ್ನಿಗೆ ಹೊತ್ತೇ ಹಾರುತ್ತದೆ. ಥಿಯೇಟರಿನೊಳಗೆ ಅತಿ ಕೊಳಕು ವಸ್ತು ಯಾವುದೆಂದರೆ ಒಳಗೆ ಬಂದ ಮನುಷ್ಯನೇ.

ಗಾಳಿ ಸೋಸುವ ಹೆಪಾ ಫಿಲ್ಟರಿನ ಹತ್ತಿರ ಬನ್ನಿ. ಗಾಜಿನ ನಾರಿನ ಕಾಗದ, ಸೀರೆಯ ನೆರಿಗೆಯಂತೆ ಮಡಚಿ ಮಡಚಿ ತುಂಬಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯವರು ವಿಕಿರಣದ ಕಣ ಹಿಡಿಯಲು ಬೆಳೆಸಿದ ತಂತ್ರವಿದು. ಈಗ ರೋಗಿಗೆ ಕಾವಲು!

ಇಲ್ಲೊಂದು ಒಗಟು. ಈ ಫಿಲ್ಟರಿಗೆ ಹಿಡಿಯಲು ಅತಿ ಕಷ್ಟದ ಕಣ ಯಾವುದು? ಅತಿ ಸಣ್ಣದು ಅಂದಿರಾ? ತಪ್ಪು! ಅತಿ ಸಣ್ಣ ಕಣವನ್ನು ಹಿಡಿಯುವುದು ಬಲು ಸುಲಭ. ಗಾಳಿಯ ಅಣುಗಳು ಗುದ್ದಿ ಗುದ್ದಿ ಅದನ್ನು ಕುಡುಕನಂತೆ ಅಡ್ಡಾದಿಡ್ಡಿ ಓಡಾಡಿಸುತ್ತವೆ. ಎಲ್ಲೋ ಒಂದು ನಾರಿಗೆ ಬಡಿದು ಅಂಟಿಕೊಳ್ಳುತ್ತದೆ. ದೊಡ್ಡ ಕಣಕ್ಕೋ, ತಿರುವಿನಲ್ಲಿ ತಿರುಗಲಾಗದೆ ನೇರ ಹೋಗಿ ನಾರಿಗೆ ಡಿಕ್ಕಿ. ತಪ್ಪಿಸಿಕೊಳ್ಳುವುದು ನಡುವಿನವನು! 0.3 ಮೈಕ್ರಾನಿನವನು. ಅವನಿಗೆ ಓಲಾಟವೂ ಕಡಿಮೆ, ತೂಕವೂ ಕಡಿಮೆ. ಅದಕ್ಕೇ ಫಿಲ್ಟರಿಗೆ ಪರೀಕ್ಷೆ ಇಡುವುದು ಅವನನ್ನೇ ಬಿಟ್ಟು. ಅಂಥವರು ಹತ್ತು ಸಾವಿರ ಬಂದರೆ 9,997 ಸೆರೆ!

ಇನ್ನು ಬಾಗಿಲು. ಥಿಯೇಟರಿನ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಸ್ವಲ್ಪ ಹೆಚ್ಚಿರಬೇಕು. ಆಗ ಬಾಗಿಲು ತೆರೆದಾಗಲೂ ಗಾಳಿ ಹೊರಕ್ಕೇ ನುಗ್ಗುತ್ತದೆ, ವರಾಂಡದ ಧೂಳು ಒಳಗೆ ಬಾರದು. ಎಷ್ಟು ಹೆಚ್ಚು? 2.5 ಪ್ಯಾಸ್ಕಲ್. ದೊಡ್ಡದಿರಬೇಕು ಅನಿಸಿತೇ? ಹೀಗೆ ನೋಡಿ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಅಲ್ಲವೇ? 2.5 ಪ್ಯಾಸ್ಕಲ್ ಇಳಿಯಲು ನೀವು ಎಷ್ಟು ಎತ್ತರ ಹತ್ತಬೇಕು? ನಂದಿಬೆಟ್ಟವೇ? ಒಂದು ಮಹಡಿಯೇ?

ಒಂದು ಗೇಣು!

ಅಷ್ಟೇ! ಒಂದು ಗೇಣಿನ ಒತ್ತಡ ಇಡೀ ಥಿಯೇಟರನ್ನು ಕಾಯುತ್ತಿದೆ! ಬಾಗಿಲ ಕೆಳಗಿನ ಸಂದಿಗೆ ಟಿಶ್ಯೂ ಕಾಗದದ ಒಂದು ಚೂರು ಹಿಡಿದರೆ ಅದು ಹೊರಕ್ಕೆ ವಾಲಿ ನಡುಗುತ್ತದೆ. ಆ ನಡುಕವೇ ಸಾಕ್ಷಿ.

ಇದೆಲ್ಲ ಲೆಕ್ಕಕ್ಕೆ ಬಂದದ್ದು ಒಬ್ಬ ಹಟಮಾರಿ ಸರ್ಜನ್‌ನಿಂದ. ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ರೈಟಿಂಗ್‌ಟನ್ ಎಂಬ ಆಸ್ಪತ್ರೆ. ಮೊದಲು ಅದು ಕ್ಷಯರೋಗಿಗಳ ಸ್ಯಾನಟೋರಿಯಂ. ಅಲ್ಲಿ 1960ರ ದಶಕದ ಆರಂಭದಲ್ಲಿ ಜಾನ್ ಚಾರ್ನ್ಲಿ ಸವೆದ ಸೊಂಟದ ಕೀಲು ತೆಗೆದು ಕೃತಕ ಕೀಲು ಕೂರಿಸತೊಡಗಿದ. ಕೀಲು ಚೆನ್ನಾಗಿ ಕೂತಿತು. ಆದರೆ ನೂರರಲ್ಲಿ ಏಳು ಮಂದಿಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಮಂದಿಗೆ, ಕೀವು!

ಚಾರ್ನ್ಲಿ ಗಾಳಿಯ ಮೇಲೆ ಅನುಮಾನಪಟ್ಟ. ಥಿಯೇಟರಿನೊಳಗೇ ಗಾಜಿನ ಗೋಡೆಯ ಪುಟ್ಟ ಕೋಣೆ ಕಟ್ಟಿಸಿದ. ಮೇಲಿನಿಂದ ಸೋಸಿದ ಗಾಳಿ. ಒಳಗೆ ಸರ್ಜನ್, ಸಹಾಯಕರು, ರೋಗಿಯ ದೇಹ. ರೋಗಿಯ ತಲೆಯೂ ಅರಿವಳಿಕೆ ಡಾಕ್ಟರೂ ಗೋಡೆಯ ಆಚೆಗೆ! ಅಷ್ಟಕ್ಕೂ ಬಿಡಲಿಲ್ಲ. ಸರ್ಜನ್‌ಗಳಿಗೆ ಬಾಹ್ಯಾಕಾಶ ಯಾತ್ರಿಗಳಂಥ ಉಡುಪು ತೊಡಿಸಿ, ಅವರು ಬಿಟ್ಟ ಉಸಿರನ್ನೂ ಕೊಳವೆಯಲ್ಲಿ ಹೊರಗೆಳೆದ! ಫಲ? ಕೀವು ನೂರಕ್ಕೆ ಒಂದಕ್ಕೂ ಕೆಳಗೆ!

ಕಥೆ ಮುಗಿಯಿತೇ? ಇಲ್ಲ! ಗೆದ್ದದ್ದು ಗಾಳಿಯೋ, ಆ್ಯಂಟಿಬಯಾಟಿಕ್ಕೋ, ಪಳಗಿದ ಕೈಯೋ ಎಂದು ವಾದ ಎದ್ದಿತು. 19 ಆಸ್ಪತ್ರೆ, ಎಂಟು ಸಾವಿರಕ್ಕೂ ಹೆಚ್ಚು ಆಪರೇಷನ್‌ಗಳನ್ನು ತಾಳೆ ಹಾಕಿದ ದೊಡ್ಡ ಪರೀಕ್ಷೆ 1982ರಲ್ಲಿ ಪ್ರಕಟವಾಯಿತು. ಅತಿ ಶುದ್ಧ ಗಾಳಿಯಲ್ಲಿ ಆಳದ ಸೋಂಕು ಅರ್ಧಕ್ಕೂ ಕೆಳಗೆ! ಆದರೆ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಷ್ಟು ದುಬಾರಿ ವ್ಯವಸ್ಥೆಯನ್ನು ಸೋಂಕು ತಡೆಗೆಂದೇ ಹಾಕಬೇಡಿ, ಅದರಿಂದ ಹೆಚ್ಚಿನ ಲಾಭಕ್ಕೆ ಪುರಾವೆ ಸಾಲದು ಎಂದುಬಿಟ್ಟಿತು! ನಿಧಾನ ಗಾಳಿಯ ಈ ಜಗಳ ಇವತ್ತಿಗೂ ಬಿಸಿಬಿಸಿಯಾಗಿದೆ. ಸೋಸಿದ ಗಾಳಿ, ಒತ್ತಡ, ಇಪ್ಪತ್ತು ಸಲದ ಬದಲಾವಣೆ ಬೇಕೇ ಎಂಬ ಬಗ್ಗೆ ಮಾತ್ರ ಜಗಳವಿಲ್ಲ.

ಈಗ ಬೆಳಕು!

ಕರೆಂಟಿಲ್ಲದ ಕಾಲದಲ್ಲಿ ಆಪರೇಷನ್ ಥಿಯೇಟರ್ ಎಲ್ಲಿರುತ್ತಿತ್ತು, ಹೇಳಿ? ನೆಲಮಹಡಿಯಲ್ಲೇ? ಅಲ್ಲ. ಅಟ್ಟದ ಮೇಲೆ! ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ 1822ರಲ್ಲಿ ತನ್ನ ಥಿಯೇಟರನ್ನು ಕಟ್ಟಿದ್ದು ಪಕ್ಕದ ಚರ್ಚಿನ ಅಟ್ಟದಲ್ಲಿ. ಚಾವಣಿಗೆ ದೊಡ್ಡ ಗಾಜು. ಸೂರ್ಯನೇ ದೀಪ. 1862ರಲ್ಲಿ ಆಸ್ಪತ್ರೆ ಅಲ್ಲಿಂದ ಜಾಗ ಖಾಲಿ ಮಾಡಿತು. ಅಟ್ಟ ಮುಚ್ಚಿತು. ಜನ ಮರೆತೇಬಿಟ್ಟರು! ಮತ್ತೆ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ! ಇವತ್ತು ಅದು ಮ್ಯೂಸಿಯಂ.

ಬಲ್ಬು ಬಂದ ಮೇಲೆ ಹೊಸ ಪೀಡೆ. ನೆರಳು! ಸರ್ಜನ್ ಬಗ್ಗಿದರೆ ತಲೆಯ ನೆರಳು, ಕೈ ಇಟ್ಟರೆ ಕೈಯ ನೆರಳು. ಅದೂ ಸರಿಯಾಗಿ ಗಾಯದ ಮೇಲೇ. ಬಿಡಿಸಿದ್ದು ಯಾರು? ಡಾಕ್ಟರಲ್ಲ. ಅಲ್ಜಿಯರ್ಸಿನ ಪ್ರಾಧ್ಯಾಪಕ ಲೂಯಿ ವೆರಾಂ, ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ. ದೀಪ ತಯಾರಿಸಿದ ಪ್ಯಾರಿಸ್ಸಿನ ಕಂಪನಿ ಅದುವರೆಗೆ ಹೆಸರು ಮಾಡಿದ್ದು ಏನು ಕಟ್ಟಿ ಗೊತ್ತೇ?

ದೀಪಸ್ತಂಭಗಳನ್ನು! ಸಮುದ್ರದ ದೀಪಸ್ತಂಭಗಳನ್ನು! ನಡುವೆ ಒಂದು ಬಲ್ಬು, ಸುತ್ತ ದೀಪಸ್ತಂಭದ್ದೇ ಜಾತಿಯ ಮಸೂರ, ಅದರಾಚೆ ವೃತ್ತಾಕಾರವಾಗಿ ಕನ್ನಡಿಗಳು. ದೀಪಸ್ತಂಭದಲ್ಲಿ ಬೆಳಕು ಹಡಗುಗಳತ್ತ ಹೊರಕ್ಕೆ ಓಡಿದರೆ, ಇಲ್ಲಿ ಕನ್ನಡಿಗಳು ಅದನ್ನು ಎಲ್ಲ ದಿಕ್ಕಿನಿಂದ ತಿರುಗಿಸಿ ಒಂದೇ ಜಾಗಕ್ಕೆ ಬೀಳಿಸುತ್ತವೆ. ಒಂದು ಕಿರಣಕ್ಕೆ ತಲೆ ಅಡ್ಡ ಬಂದರೆ ಉಳಿದವು ಪಕ್ಕದಿಂದ ಬಂದವು!

ಇಂದಿನ ಎಲ್‌ಇಡಿ ದೀಪದಲ್ಲೂ ಅದೇ ತಂತ್ರ. ಹತ್ತಾರು ಪುಟ್ಟ ದೀಪಗಳು, ಗುರಿ ಒಂದೇ. ಪರೀಕ್ಷೆ ಮಾಡುವ ಬಗೆಯನ್ನಂತೂ ಕೇಳಲೇಬೇಕು. ದೀಪದ ಕೆಳಗೆ 21 ಸೆಂಟಿಮೀಟರ್ ಅಗಲದ ಗುಂಡನೆಯ ಎರಡು ಕಪ್ಪು ತಟ್ಟೆ ಅಡ್ಡ ಹಿಡಿಯುತ್ತಾರೆ. ಏನವು? ಇಬ್ಬರು ಡಾಕ್ಟರರ ತಲೆಗಳು! ಆಮೇಲೆ ಒಂದು ಕಪ್ಪು ಕೊಳವೆ ಇಡುತ್ತಾರೆ. ಅದು ಆಳದ ಗಾಯ! ತಲೆಗಳು ಅಡ್ಡ ಇದ್ದೂ ಗಾಯದ ತಳಕ್ಕೆ ಎಷ್ಟು ಬೆಳಕು ಮುಟ್ಟಿತು ಎಂದು ಅಳೆಯುತ್ತಾರೆ.

ಎಷ್ಟು ಪ್ರಖರ ಈ ಬೆಳಕು? ಓದುವ ಮೇಜಿಗೆ 500 ಲಕ್ಸ್ ಧಾರಾಳ. ಇಲ್ಲಿ? 40 ಸಾವಿರದಿಂದ 1,60,000 ಲಕ್ಸ್! ನಡುಹಗಲಿನ ಬಿಸಿಲೇ ಲಕ್ಷದ ಆಸುಪಾಸು. ರಾಯಚೂರಿನ ಏಪ್ರಿಲ್ ಮಧ್ಯಾಹ್ನವೇ ಟೇಬಲ್ ಮೇಲೆ ಇಳಿದಂತೆ. ಆದರೆ ಶಾಖ ಮಾತ್ರ ಬರಕೂಡದು, ತೆರೆದ ಅಂಗಾಂಶ ಒಣಗಿಹೋಗುತ್ತದೆ!

ಇಷ್ಟು ಬೆಳಕಿನಲ್ಲಿ ಕೆಂಪನ್ನೇ ದಿಟ್ಟಿಸಿದ ಕಣ್ಣು ಬಿಳಿ ಬಟ್ಟೆಯತ್ತ ತಿರುಗಿದರೆ ಹಸಿರು ಭೂತಗಳು ಕುಣಿಯುತ್ತವೆ. ನೀವೂ ಮಾಡಿ ನೋಡಿ, ಕೆಂಪು ಕಾಗದವನ್ನು ಅರ್ಧ ನಿಮಿಷ ನೋಡಿ ಬಿಳಿ ಗೋಡೆ ನೋಡಿ! ಸ್ಯಾನ್‌ಫ್ರಾನ್ಸಿಸ್ಕೋದ ಸರ್ಜನ್ ಹ್ಯಾರಿ ಶೆರ್ಮನ್ 1914ರಲ್ಲಿ ಬಿಳಿಯನ್ನೇ ಕಿತ್ತೊಗೆದು ಪಾಲಕ್ ಸೊಪ್ಪಿನ ಹಸಿರು ತಂದ. ಥಿಯೇಟರಿನ ಹಸಿರು ಅಲ್ಲಿಂದ ಶುರು.

ಬೆಳಕೇ ಔಷಧಿಯಾದದ್ದೂ ಉಂಟು! 1956, ಇಂಗ್ಲೆಂಡಿನ ಎಸೆಕ್ಸ್, ರಾಚ್‌ಫರ್ಡ್ ಆಸ್ಪತ್ರೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೀನ್ ವಾರ್ಡ್‌ಗೆ ಕೂಸುಗಳನ್ನು ಎಳೆಬಿಸಿಲಿಗೆ ಒಯ್ಯುವ ಅಭ್ಯಾಸ. ಒಂದು ದಿನ ರೌಂಡ್ಸಿಗೆ ಬಂದ ಡಾಕ್ಟರಿಗೆ ಒಂದು ಮಗುವನ್ನು ಬಿಚ್ಚಿ ತೋರಿಸಿದರು. ಕಾಮಾಲೆಯ ಮಗು. ಮೈಯ ಹಳದಿ ಮಾಸಿದೆ. ಒಂದು ತ್ರಿಕೋನದಲ್ಲಿ ಮಾತ್ರ ಗಾಢ ಹಳದಿ! ಏಕೆ? ಬಟ್ಟೆಯ ತುದಿ ಅಲ್ಲಿ ಮುಚ್ಚಿಕೊಂಡಿತ್ತು! ಆಮೇಲೊಂದು ದಿನ ಬಿಸಿಲಿನ ಕಿಟಕಿಯಲ್ಲಿ ಮರೆತಿಟ್ಟ ರಕ್ತದ ನಳಿಕೆಯಲ್ಲೂ ಕಾಮಾಲೆಯ ಅಂಶ ಇಳಿದಿತ್ತು. 1958ರಲ್ಲಿ ಡಾಕ್ಟರ್ ರಿಚರ್ಡ್ ಕ್ರೆಮರ್ ತಂಡ ಪ್ರಕಟಿಸಿತು. ಇವತ್ತು ಹೆರಿಗೆ ಆಸ್ಪತ್ರೆಗಳಲ್ಲಿ ನೀಲಿ ದೀಪದಡಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗುವ ಕೂಸುಗಳೆಲ್ಲ ಆ ಸಿಸ್ಟರ್ ಕಣ್ಣಿಗೆ ಋಣಿಗಳು!

ಗೋಡೆಯೊಳಗಿನ ಕೊಳವೆಗಳನ್ನೂ ನೋಡಿಬಿಡೋಣ, ಬೇಗ ಬೇಗ!

ಅಂಗಳದಲ್ಲಿ ನಿಂತ ಬಿಳಿ ಟ್ಯಾಂಕಿನಲ್ಲಿ ಆಮ್ಲಜನಕ ದ್ರವವಾಗಿದೆ, ಮೈನಸ್ 183 ಡಿಗ್ರಿಯಲ್ಲಿ. ಒಂದು ಲೀಟರ್ ದ್ರವದಿಂದ 800 ಲೀಟರಿಗೂ ಹೆಚ್ಚು ಅನಿಲ! ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಬೇಕು. ನಾಲ್ಕು ಗಂಟೆಗೆ ಲೆಕ್ಕ ಹಾಕಿ. ಒಬ್ಬರಿಗೆ, ಒಂದು ಸಲಕ್ಕೆ, 120 ಲೀಟರ್! ಎಂಆರ್‌ಐ ಕೋಣೆ ತಾಮ್ರದ ಡಬ್ಬಿ. ಗೋಡೆ, ನೆಲ, ಚಾವಣಿ, ಬಾಗಿಲಿಗೂ ತಾಮ್ರ, ರೇಡಿಯೋ ಅಲೆ ಒಳಗೆ ನುಸುಳದಂತೆ. ಒಳಗಿನ 1.5 ಟೆಸ್ಲಾ ಅಯಸ್ಕಾಂತ ಭೂಮಿಯದಕ್ಕಿಂತ ಮೂವತ್ತು ಸಾವಿರ ಪಟ್ಟು ಬಲಶಾಲಿ. ರಾತ್ರಿ ದೀಪ ಆರಿಸಿ ಹೋದರೂ ಅದು ಆರುವುದಿಲ್ಲ!

ಆದರೆ ನಾನು ಮಾರುಹೋದದ್ದು ಇವಕ್ಕಲ್ಲ, ಎರಡು ಪುಟ್ಟ ಮೊಳೆಗಳಿಗೆ. ಅರಿವಳಿಕೆ ಯಂತ್ರಕ್ಕೆ ಸಣ್ಣ ಸಿಲಿಂಡರ್ ಕೂರಿಸುವ ಕಡೆ ಎರಡು ಮೊಳೆ ಚಾಚಿಕೊಂಡಿರುತ್ತವೆ. ಸಿಲಿಂಡರಿನ ಬಾಯಲ್ಲಿ ಎರಡು ಗುಳಿ. ಆಮ್ಲಜನಕಕ್ಕೆ 2 ಮತ್ತು 5ನೇ ಸ್ಥಾನ. ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಗಾಳಿಗೆ 1 ಮತ್ತು 5. ನಡುರಾತ್ರಿ, ಗಡಿಬಿಡಿ, ಕತ್ತಲು, ಲೇಬಲ್ ಕಾಣದು, ನಿದ್ದೆಗಣ್ಣು. ಪರವಾಗಿಲ್ಲ! ತಪ್ಪು ಸಿಲಿಂಡರ್ ಕೂರುವುದೇ ಇಲ್ಲ! ಕೆಲವೇ ಮಿಲಿಮೀಟರಿನ ವ್ಯತ್ಯಾಸ, ಜೀವ ಉಳಿಯಿತು!

ಈಗ ಕೊನೆಯ ಮತ್ತು ದೊಡ್ಡ ಅಚ್ಚರಿ. ಅದಕ್ಕೆ ಮೊದಲು ಗಿನಿಯಿಲಿಗಳ ಕಥೆ ಗೊತ್ತಿರಬೇಕು.

ಕ್ಷಯ ಗಾಳಿಯಲ್ಲಿ ಹರಡುತ್ತದೆಯೇ? 1950ರ ದಶಕದಲ್ಲೂ ಖಾತ್ರಿ ಇರಲಿಲ್ಲ! ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ಒಂದು ವಾರ್ಡು ಕಟ್ಟಿಸಿದರು. ಆರು ಹಾಸಿಗೆ. ಅಲ್ಲಿನ ಗಾಳಿಯನ್ನೆಲ್ಲ ಕೊಳವೆಯಲ್ಲಿ ಮೇಲಂತಸ್ತಿಗೆ ಒಯ್ದರು. ಮೇಲೆ ಯಾರಿದ್ದರು? ನೂರೈವತ್ತರಷ್ಟು ಗಿನಿಯಿಲಿಗಳು! ರೋಗಿಗಳನ್ನು ಅವು ನೋಡಿದ್ದಿಲ್ಲ, ಮುಟ್ಟಿದ್ದಿಲ್ಲ. ಅವರ ಗಾಳಿಯನ್ನಷ್ಟೇ ಉಸಿರಾಡಿದವು. ತಿಂಗಳುಗಟ್ಟಲೆ, ವರ್ಷಗಟ್ಟಲೆ. ಒಂದೊಂದಾಗಿ ಅವಕ್ಕೆ ಕ್ಷಯ ಅಂಟಿತು!

ಆಮೇಲೆ ಗಾಳಿಯನ್ನು ಎರಡು ಕವಲಾಗಿಸಿದರು. ಒಂದು ಕವಲಿಗೆ ನೇರಳಾತೀತ ದೀಪ. ಆ ಬದಿಯ ಗಿನಿಯಿಲಿಗಳಲ್ಲಿ ಎಷ್ಟಕ್ಕೆ ಕ್ಷಯ ಬಂತು, ಹೇಳಿ?

ಒಂದಕ್ಕೂ ಇಲ್ಲ!

ಅಂದಿನಿಂದ ಕ್ಷಯದಂಥ ರೋಗ ಇರುವವರಿಗೆ ವಿಶೇಷ ಕೋಣೆ. ಅಲ್ಲಿ ಥಿಯೇಟರಿನದೇ ಲೆಕ್ಕ, ಆದರೆ ತಿರುವುಮುರುವು. ಒತ್ತಡ ಒಳಗೆ ಕಡಿಮೆ, ಟಿಶ್ಯೂ ಚೂರು ಒಳಕ್ಕೆ ವಾಲಬೇಕು. ಗಂಟೆಗೆ 12 ಸಲ ಗಾಳಿ ಬದಲು. ಎಳೆದ ಗಾಳಿ ನೇರ ಹೊರಕ್ಕೆ. ಯಂತ್ರ, ಕೊಳವೆ, ಕರೆಂಟು, ಖರ್ಚು!

ಪೆರುವಿನ ಲಿಮಾ ನಗರದಲ್ಲಿ ರಾಡ್ ಎಸ್ಕೋಂಬ್ ಎಂಬ ವೈದ್ಯ ಮತ್ತು ಜೊತೆಗಾರರು ಎಂಟು ಆಸ್ಪತ್ರೆ ಸುತ್ತಿ ಗಾಳಿ ಅಳೆದರು. 2007ರಲ್ಲಿ ಪ್ರಕಟಿಸಿದರು. ಯಂತ್ರದ ಕೋಣೆಗಳಿಗೆ ಎದುರಾಗಿ ಬರೀ ಕಿಟಕಿ ಬಾಗಿಲು ತೆರೆದಿಟ್ಟ 70 ಕೋಣೆಗಳು. ಯಂತ್ರದ್ದು ಗಂಟೆಗೆ 12 ಸಲ. ಕಿಟಕಿಯದು? ಆರು? ಎಂಟು? ನಾನಂತೂ ಹತ್ತಕ್ಕೆ ಮೇಲೆ ಹೋಗಲಾರದು ಅಂದುಕೊಂಡಿದ್ದೆ.

28!

ಅದರಲ್ಲೂ 1950ಕ್ಕೆ ಮುಂಚಿನ ಹಳೆಯ ಕಟ್ಟಡಗಳು, ಎತ್ತರದ ಚಾವಣಿ, ಎದುರುಬದುರು ದೊಡ್ಡ ಕಿಟಕಿಗಳಿದ್ದವು, ಎಷ್ಟು ಮುಟ್ಟಿದವು ಗೊತ್ತೇ? 40! ಯಂತ್ರಕ್ಕಿಂತ ಮೂರು ಪಟ್ಟಿಗೂ ಹೆಚ್ಚು! ಚಿಕಿತ್ಸೆ ಪಡೆಯದ ಕ್ಷಯರೋಗಿಗಳ ನಡುವೆ ಇಡೀ ದಿನ ಕಳೆದರೆ ಸೋಂಕು ತಗಲುವ ಅಪಾಯದ ಲೆಕ್ಕವನ್ನೂ ಹಾಕಿದರು. ಯಂತ್ರದ ಕೋಣೆಯಲ್ಲಿ ನೂರಕ್ಕೆ 39. ಹಳೆಯ ಕಟ್ಟಡದಲ್ಲಿ ನೂರಕ್ಕೆ 11!

ನಮ್ಮಲ್ಲೂ ಅಂಥ ಹಳಬರಿದ್ದಾರೆ. 1900ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹಳೆಯ ಕಟ್ಟಡದೊಳಗೆ ಒಮ್ಮೆ ನಿಂತು ತಲೆ ಎತ್ತಿ. ಚಾವಣಿ ಎಷ್ಟು ಮೇಲಿದೆ ನೋಡಿ! ಅದು ಬರೀ ಅಂದಕ್ಕಲ್ಲ, ಬಿಸಿಗಾಳಿ ಮೇಲೇರಲು ಜಾಗ. ಎಸಿ ಹಾಕಬೇಕೆಂದು ಇಂಥ ಕಟ್ಟಡಗಳಿಗೆ ಸುಳ್ಳು ಚಾವಣಿ ಹೊಡೆದು ಕಿಟಕಿಗೆ ಗಾಜು ಜಡಿಯುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಕಿಟಕಿಯ ಗೆಲುವಿಗೆ ಒಂದು ಷರತ್ತಿದೆ. ತೆರೆದಿರಬೇಕು! ಲಿಮಾದಲ್ಲಿ ಕಿಟಕಿ ಮುಚ್ಚಿ ಅಳೆದಾಗ ಆ ಸಂಖ್ಯೆಗಳೆಲ್ಲ ಕುಸಿದವು. ಥಿಯೇಟರಿಗೆ, ಐಸಿಯುಗೆ ಇದು ಹೊಂದುವುದಿಲ್ಲ, ಅಲ್ಲಿ ಯಂತ್ರವೇ ಬೇಕು. ಆದರೆ ನಾವು ಹೆಚ್ಚು ಹೊತ್ತು ಕೂರುವುದು ಎಲ್ಲಿ? ಒಪಿಡಿಯ ಬೆಂಚಿನ ಮೇಲೆ, ಕೆಮ್ಮುವವರ ನಡುವೆ, ಟೋಕನ್ ಹಿಡಿದು! ಮುಂದಿನ ಸಲ ಹೋದಾಗ ಎದುರುಬದುರಾಗಿರುವ ಎರಡು ಕಿಟಕಿ ಹುಡುಕಿ. ಒಂದೇ ತೆರೆದರೆ ಸಾಲದು, ಗಾಳಿಗೆ ಬರಲೊಂದು ಬಾಯಿ, ಹೋಗಲೊಂದು ಬಾಯಿ ಬೇಕು. ಚಿಲಕ ಜಂಗು ಹಿಡಿದಿದ್ದರೆ ಆಯಾ ಅವರನ್ನೋ ವಾರ್ಡ್ ಬಾಯ್ ಅನ್ನೋ ಕರೆದು ತೆಗೆಸಿ. ಆಮೇಲೆ ಆ ಎರಡರ ನಡುವಿನ ಬೆಂಚಿನಲ್ಲೇ ಜಾಗ ಹಿಡಿಯಿರಿ!